ಹೋರಾಟವೋ, ಓರಾಟವೋ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಒಂದು ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುವುದು ಸಣ್ಣ ಮಾತಲ್ಲ. ಈ ಸಂದರ್ಭದಲ್ಲಿ ಕನ್ನಡ ಭಾಷೆಯ ಬಗ್ಗೆ ಏನಾದರೂ ಮಾತಾಡಿ ಎಂದು ಸಮಿತಿಯವರು ಕೇಳಿದರು. ಕನ್ನಡ ಭಾಷೆ ಎಂದರೆ ಸಮುದ್ರ. ಅಷ್ಟನ್ನೂ ಅರ್ಧ ಗಂಟೆಯಲ್ಲಿ ಹೇಳಲು ಹೊರಟರೆ ಏನೂ ಹೇಳಿದಂತಾಗುವುದಿಲ್ಲ. ಅದಕ್ಕಾಗಿ ಒಂದೇ ಒಂದು ಪದವನ್ನು ಆರಿಸಿಕೊಂಡು ಬಂದಿದ್ದೇನೆ. ಬರೆಯುವಾಗ ಅದು ‘ಹೋರಾಟ’. ನಮ್ಮ ಸೀಮೆಯ ಬಾಯಲ್ಲಿ ಅದು ‘ಓರಾಟ’.

ನೋಡಿ, ‘ಓರಾಟ’ ಎಂದ ತಕ್ಷಣ ಹಿಂದಿನ ಸಾಲಿನ ಹುಡುಗರು ನಕ್ಕರು. ನಗಲಿ, ತಪ್ಪಿಲ್ಲ. ಆ ನಗುವಿನ ಬಗ್ಗೆಯೇ ನಾನು ಮಾತಾಡಬೇಕಾಗಿರುವುದು. ‘ಉಟ್ಟು ಓರಾಟಗಾರ’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಸಿನಿಮಾದ ಹಾಸ್ಯದಲ್ಲಿ, ಪತ್ರಿಕೆಗಳ ವಿಡಂಬನೆಯಲ್ಲಿ, ಈಗ ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿ ಅದು ಸಿಗುತ್ತದೆ. ಹೆಗಲ ಮೇಲೆ ಶಾಲು, ಕೈಯಲ್ಲಿ ಮೈಕು, ಬಾಯಲ್ಲಿ ‘ಹ’ಕಾರವಿಲ್ಲದ ಮಾತು: ಹುಟ್ಟು ಹೋರಾಟಗಾರನ ಅಣಕು ಚಿತ್ರ ಇದು.

ಈ ನಗೆಯಲ್ಲಿ ಎರಡು ನಗೆಗಳು ಬೆರೆತಿವೆ. ಒಂದು, ಆ ಮನುಷ್ಯನ ಕೆಲಸವನ್ನು ಕಂಡು ಬರುವ ನಗೆ: ಇವನ ಕೂಗಾಟದಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ನಗೆ. ಇನ್ನೊಂದು, ಅವನ ಉಚ್ಚಾರಣೆಯನ್ನು ಕೇಳಿ ಬರುವ ನಗೆ: ಇವನಿಗೆ ‘ಹ’ ಬರುವುದಿಲ್ಲ, ಹಳ್ಳಿಯವನು ಎಂಬ ನಗೆ. ಮೊದಲನೆಯ ನಗೆಗೆ ಕೆಲವೊಮ್ಮೆ ಕಾರಣವಿರುತ್ತದೆ. ಎರಡನೆಯದಕ್ಕೆ ಇಲ್ಲ. ಆದರೆ ಎರಡೂ ಬೆರೆತು ಹೋಗಿರುವುದರಿಂದ ಪೆಟ್ಟು ಬೀಳುವುದು ಮೈಕು ಹಿಡಿದವನಿಗಲ್ಲ, ಮೈಕು ಹಿಡಿಯಲು ಹೆದರುವ ನಮ್ಮ ಮಕ್ಕಳಿಗೆ.

ನಮ್ಮ ಶಾಲೆಯಿಂದ ಹತ್ತನೇ ತರಗತಿ ಮುಗಿಸಿ ಬೆಂಗಳೂರಿನ ಕಾಲೇಜುಗಳಿಗೆ ಹೋದವರಿಗೆ ಇದು ಗೊತ್ತು. ತರಗತಿಯಲ್ಲಿ ಎದ್ದು ನಿಂತು ‘ಓಗಿದ್ದೆ ಸಾರ್’ ಎಂದಾಗ ನಾಲ್ಕು ಜನ ನಕ್ಕರೆ, ಆಮೇಲೆ ಎದ್ದು ನಿಲ್ಲುವುದೇ ನಿಂತುಹೋಗುತ್ತದೆ. ಉತ್ತರ ಗೊತ್ತಿದ್ದವರೂ ಸುಮ್ಮನೆ ಕೂರುತ್ತಾರೆ. ತನ್ನ ಬಾಯಿಯ ಬಗ್ಗೆಯೇ ನಾಚಿಕೆಪಡುವವನು ನಾಳೆ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ತನ್ನ ಪಹಣಿಗಾಗಿ ಹೇಗೆ ದನಿಯೆತ್ತುತ್ತಾನೆ? ಆದ್ದರಿಂದ ಈ ಪದದ ಹುಟ್ಟನ್ನು ಒಮ್ಮೆ ತಿಳಿದುಕೊಳ್ಳೋಣ.

ಹಳಗನ್ನಡದಲ್ಲಿ ‘ಪೋರ್’ ಎಂದರೆ ಕಾದು, ಸೆಣಸು. ಇದು ದ್ರಾವಿಡ ಭಾಷೆಗಳ ಮನೆಯ ಸ್ವಂತ ಆಸ್ತಿ. ತಮಿಳಿನಲ್ಲಿ ‘ಪೋರ್’ ಎಂದರೆ ಯುದ್ಧ. ತೆಲುಗಿನಲ್ಲಿ ‘ಪೋರು’, ಮಲಯಾಳದಲ್ಲಿಯೂ ‘ಪೋರು’. ನಾವು ‘ಹೋರಾಟ’ ಎನ್ನುವುದನ್ನು ತಮಿಳರು ‘ಪೋರಾಟ್ಟಂ’ ಎನ್ನುತ್ತಾರೆ, ತೆಲುಗರು ‘ಪೋರಾಟಂ’ ಎನ್ನುತ್ತಾರೆ. ಅಕ್ಕತಂಗಿಯರ ಮುಖದಲ್ಲಿ ಒಂದೇ ಚಹರೆ ಇರುವಂತೆ ಇದು.

ಹಾಗಾದರೆ ಅವರ ‘ಪ’ ನಮ್ಮಲ್ಲಿ ‘ಹ’ ಹೇಗಾಯಿತು? ಆದಿಕವಿ ಪಂಪ ತನ್ನ ಭಾರತವನ್ನು ಬರೆದ ಕಾಲಕ್ಕೆ, ಅಂದರೆ 941ರ ಸುಮಾರಿಗೆ, ಕನ್ನಡದಲ್ಲಿ ‘ಪ’ಕಾರವೇ ಇತ್ತು. ಹಾಲು ‘ಪಾಲ್’ ಆಗಿತ್ತು. ಹೂವು ‘ಪೂ’, ಹುಲಿ ‘ಪುಲಿ’, ಹಾವು ‘ಪಾವು’, ಹೆಸರು ‘ಪೆಸರ್’, ಹಳ್ಳಿ ‘ಪಳ್ಳಿ’, ಹೋಗು ‘ಪೋಗು’, ಹೇಳು ‘ಪೇಳ್’. ಸುಮಾರು ಹತ್ತನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದೊಳಗೆ ಪದದ ಮೊದಲಲ್ಲಿದ್ದ ‘ಪ’ ಮೆಲ್ಲನೆ ‘ಹ’ ಆಯಿತು. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನೂ ಈ ಬದಲಾವಣೆಯನ್ನು ಗಮನಿಸಿದ್ದಾನೆ. ಎಲ್ಲ ‘ಪ’ವೂ ಹೋಗಲಿಲ್ಲ. ಅಪ್ಪ, ಉಪ್ಪು, ತುಪ್ಪ ಇವುಗಳ ನಡುವಿನ ಒತ್ತು ‘ಪ್ಪ’ ಗಟ್ಟಿಯಾಗಿ ನಿಂತಿತು. ಸಂಸ್ಕೃತದಿಂದ ಬಂದ ಪಾಠ, ಪುಸ್ತಕಗಳೂ ಹಾಗೆಯೇ ಉಳಿದವು. ನಮ್ಮ ಮನೆಯ ಹಳೆಯ ಪದಗಳ ತಲೆಯ ಮೇಲಿದ್ದ ‘ಪ’ ಮಾತ್ರ ಬಹುಮಟ್ಟಿಗೆ ‘ಹ’ ಆಯಿತು. ಹಾಗೆ ‘ಪೋರ್’ ಎಂಬುದು ‘ಹೋರು’ ಆಯಿತು.

ಮಕ್ಕಳೆ, ನಿಮ್ಮ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ’ ಎನ್ನಿ. ತುಟಿ ಎರಡೂ ಸೇರಿ ಬಿಡಬೇಕು. ಈಗ ‘ಹ’ ಎನ್ನಿ. ತುಟಿಗೆ ಕೆಲಸವಿಲ್ಲ, ಬರೀ ಉಸಿರು. ಈಗ ‘ಅ’ ಎನ್ನಿ. ಆ ಉಸಿರಿನ ರಭಸವೂ ಇಲ್ಲ. ತುಟಿಯ ಕೆಲಸ ಮೊದಲು ಬಿಟ್ಟುಹೋಯಿತು, ಆಮೇಲೆ ಉಸಿರಿನ ಕೆಲಸವೂ ಬಿಟ್ಟುಹೋಯಿತು. ಪಾಲ್, ಹಾಲು, ಆಲು. ಪಳ್ಳಿ, ಹಳ್ಳಿ, ಅಳ್ಳಿ. ಪೋಗು, ಹೋಗು, ಓಗು. ಪೋರ್, ಹೋರು, ಓರು. ಒಂದೇ ದಾರಿಯ ಮೂರು ಮೈಲಿಗಲ್ಲುಗಳು ಇವು. ‘ಓರಾಟ’ ಎನ್ನುವವನನ್ನು ಕಂಡು ‘ಹೋರಾಟ’ ಎನ್ನುವವನು ನಗುವುದು ಹೇಗೆ ಎಂದರೆ, ಎರಡನೆಯ ಕಲ್ಲಿನ ಹತ್ತಿರ ಕೂತವನು ಮೂರನೆಯ ಕಲ್ಲನ್ನು ಮುಟ್ಟಿದವನಿಗೆ ದಾರಿ ತಪ್ಪಿದೆ ಎಂದಂತೆ. ಮೊದಲನೆಯ ಕಲ್ಲಿನ ಹತ್ತಿರ ಈಗಲೂ ಇರುವ ತಮಿಳರು ಇಬ್ಬರನ್ನೂ ನೋಡಿ ನಗಬಹುದು!

ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. ಯೂರೋಪಿನ ಸ್ಪ್ಯಾನಿಷ್ ಭಾಷೆ ಲ್ಯಾಟಿನ್ ಭಾಷೆಯ ಮಗಳು. ಲ್ಯಾಟಿನ್ನಿನಲ್ಲಿ ಮಗ ಎಂಬುದಕ್ಕೆ ‘ಫಿಲಿಯುಸ್’ ಎಂಬ ಪದ. ಸ್ಪ್ಯಾನಿಷ್‌ನಲ್ಲಿ ಆ ‘ಫ’ ಮೊದಲು ‘ಹ’ ಆಯಿತು, ಆಮೇಲೆ ‘ಹ’ವೂ ಬಾಯಿಂದ ಬಿದ್ದುಹೋಯಿತು. ಈಗ ಬರೆಯುವಾಗ ‘ಹ’ದ ಅಕ್ಷರವಿದೆ, ಓದುವಾಗ ‘ಇಹೊ’ ಎನ್ನುತ್ತಾರೆ. ತುಟಿಯಲ್ಲಿ ಹುಟ್ಟುವ ಸದ್ದು, ಆಮೇಲೆ ಉಸಿರು, ಆಮೇಲೆ ಏನೂ ಇಲ್ಲ: ನಮ್ಮ ಕನಕಪುರದ ದಾರಿಯೇ ಅದು. ಅಲ್ಲಿ ಅದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಶುದ್ಧ ಉಚ್ಚಾರಣೆ, ಇಲ್ಲಿ ಅದು ನಗೆಪಾಟಲು. ವ್ಯತ್ಯಾಸ ನಾಲಿಗೆಯಲ್ಲಿಲ್ಲ. ಯಾರ ಮಾತನ್ನು ಯಾರು ಅಳೆಯುತ್ತಾರೆ ಎಂಬುದರಲ್ಲಿದೆ.

ನಮ್ಮ ಕಡೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಇಡೀ ರಾತ್ರಿ ಹಾಡುತ್ತಾರೆ. ಅವರು ‘ಹ’ಕಾರಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ಅದನ್ನು ಕೇಳಿ ಯಾರೂ ನಗುವುದಿಲ್ಲ, ಕೈ ಮುಗಿಯುತ್ತಾರೆ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿ 1994ರಲ್ಲಿ ನಾಡಿಗೆ ಕೊಟ್ಟದ್ದು ಇಂಥ ಜನರ ಸಂಪತ್ತು ಉಳಿಯಲಿ ಎಂದೇ ಅಲ್ಲವೆ? ಹಾಡಿದರೆ ಗೌರವ, ಮಾತಾಡಿದರೆ ನಗೆ ಎಂಬುದು ಯಾವ ನ್ಯಾಯ?

ಹಾಗೆಂದು ‘ಹ’ವನ್ನು ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಗುರುಗಳು ನನ್ನನ್ನು ಬೈದುಬಿಟ್ಟಾರು. ಬರವಣಿಗೆಯ ಕನ್ನಡ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಒಂದೇ ಇರಬೇಕು, ಅದಕ್ಕಾಗಿ ‘ಹ’ ಬೇಕು. ಅಕ್ಕಿ ಬೇರೆ, ಹಕ್ಕಿ ಬೇರೆ. ಅಕ್ಕಿಯನ್ನು ಬೇಯಿಸುತ್ತೇವೆ, ಹಕ್ಕಿ ಹಾರುತ್ತದೆ. ನಗುತ್ತಾರೆ ಎಂಬ ಹೆದರಿಕೆಯಿಂದಲೇ ನಮ್ಮವರು ಬೇಡದ ಕಡೆಯೂ ‘ಹ’ ಸೇರಿಸಿ, ಅಕ್ಕಿಯನ್ನು ಹಕ್ಕಿ ಮಾಡಿ ಹಾರಿಸಿಬಿಡುತ್ತಾರೆ. ಹೆದರಿಕೆ ಹೋದರೆ ಈ ತೊಡಕೂ ಹೋಗುತ್ತದೆ. ಬರೆಯುವಾಗ ‘ಹೋರಾಟ’ ಎಂದು ಬರೆಯಿರಿ. ಮನೆಯಲ್ಲಿ ‘ಓರಾಟ’ ಎಂದರೆ ತಲೆ ತಗ್ಗಿಸಬೇಡಿ. ಎರಡೂ ಬಲ್ಲವನು ಒಂದನ್ನೇ ಬಲ್ಲವನಿಗಿಂತ ಹೆಚ್ಚು ಕನ್ನಡ ಬಲ್ಲ.

ಈಗ ಪದದ ಉಳಿದ ತುಂಡುಗಳನ್ನು ನೋಡೋಣ. ‘ಹೋರು’ ಎಂಬುದಕ್ಕೆ ‘ಆಡು’ ಸೇರಿ ‘ಹೋರಾಡು’ ಆಯಿತು, ಅದರಿಂದ ‘ಹೋರಾಟ’. ಈ ‘ಆಟ’ ಚೆಂಡಾಟದ ಆಟದಷ್ಟೇ ಅಲ್ಲ. ಒಂದು ಕೆಲಸ ಮತ್ತೆ ಮತ್ತೆ ನಡೆದರೆ, ಅಥವಾ ಇಬ್ಬರ ನಡುವೆ ನಡೆದರೆ ಕನ್ನಡ ಅದಕ್ಕೆ ‘ಆಟ’ ಸೇರಿಸುತ್ತದೆ. ಒಮ್ಮೆ ಗುದ್ದಿದರೆ ಗುದ್ದು, ಇಬ್ಬರೂ ಗುದ್ದಿಕೊಂಡರೆ ಗುದ್ದಾಟ. ಹೊಡೆದಾಟ, ಬಡಿದಾಟ, ಕಿತ್ತಾಟ ಇವೆಲ್ಲ ಒಂದು ಗುಂಪು. ಇನ್ನೊಂದು ಗುಂಪಿದೆ: ಅಲೆದಾಟ, ಪರದಾಟ, ಒದ್ದಾಟ, ಹೆಣಗಾಟ. ಇಲ್ಲಿ ಎದುರಾಳಿ ಯಾರೂ ಕಾಣುವುದಿಲ್ಲ, ಒಬ್ಬನೇ ಮನುಷ್ಯ ಬಿಡದೆ ಪಡುವ ಪಾಡು ಕಾಣುತ್ತದೆ. ಹೋರಾಟ ಎಂಬ ಪದ ಎರಡು ಗುಂಪಿನಲ್ಲೂ ಕಾಲಿಟ್ಟು ನಿಂತಿದೆ. ಎದುರಾಳಿಯೊಡನೆ ಮಾಡುವುದೂ ಹೋರಾಟ, ಬದುಕಿನಲ್ಲಿ ದಿನವೂ ಮಾಡುವುದೂ ಹೋರಾಟ. ಒಂದೇ ಏಟಿಗೆ ಮುಗಿಯುವುದು ಹೋರಾಟವಲ್ಲ ಎಂಬುದು ಪದದ ಒಡಲಲ್ಲೇ ಇದೆ.

ಕೊನೆಯ ತುಂಡು ‘ಗಾರ’. ಹಾಡುಗಾರ, ಮಾತುಗಾರ, ಬೇಟೆಗಾರ, ಮೋಸಗಾರ. ಆ ಕೆಲಸವನ್ನೇ ರೂಢಿ ಮಾಡಿಕೊಂಡವನು ಎಂದರ್ಥ. ಒಂದು ದಿನ ಹಾಡಿದವನನ್ನು ಹಾಡುಗಾರ ಎನ್ನುವುದಿಲ್ಲ. ಒಂದು ದಿನ ಕೂಗಿದವನೂ ಹೋರಾಟಗಾರನಲ್ಲ.

ಮೊದಲು ಈ ಪದ ಮೈಬಲದ ಪದವಾಗಿತ್ತು. ರಣರಂಗದಲ್ಲಿ, ಗರಡಿಯಲ್ಲಿ ಅದರ ವಾಸ. ಅದು ಸಾರ್ವಜನಿಕ ಬದುಕಿಗೆ ಬಂದದ್ದು ಇತ್ತೀಚೆಗೆ. ಬಂದಾಗ ಅಲ್ಲಿ ಅದಕ್ಕೆ ಬೇರೆ ಜೊತೆಗಾರರೂ ಇದ್ದರು. ‘ಚಳವಳಿ’ ಮರಾಠಿಯ ‘ಚಳವಳ’ದಿಂದ ಬಂದ ಪದ, ಅದರಲ್ಲಿ ಚಲನೆ ಇದೆ. ‘ಧರಣಿ’ಯ ಹಿಂದೆ ಒಂದು ಹಳೆಯ ಪದ್ಧತಿ ಇದೆ: ಸಾಲ ಕೊಟ್ಟವನು ತೀರಿಸದವನ ಬಾಗಿಲಲ್ಲಿ ಊಟ ಬಿಟ್ಟು ಕೂರುವುದು. ‘ಮುಷ್ಕರ’ ನಮ್ಮಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸುವುದಕ್ಕೆ ಹೇಳುವ ಪದ, ಪಕ್ಕದ ತೆಲುಗಿನಲ್ಲಿ ‘ಮುಷ್ಕರರು’ ಎಂದರೆ ದುಷ್ಟರು. ಒಂದೇ ಪದ ಗಡಿ ದಾಟಿದರೆ ಮರ್ಯಾದೆ ಕಳೆದುಕೊಳ್ಳುತ್ತದೆ, ನೋಡಿ.

‘ಸತ್ಯಾಗ್ರಹ’ದ ಕಥೆ ಇನ್ನೂ ಸ್ವಾರಸ್ಯವಾದದ್ದು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರು ತಮ್ಮ ಪ್ರತಿರೋಧಕ್ಕೆ ಇದ್ದ ಇಂಗ್ಲಿಷ್ ಹೆಸರನ್ನು ಒಪ್ಪಲಿಲ್ಲ, ಅದು ದುರ್ಬಲರ ಅಸ್ತ್ರದಂತೆ ಕೇಳಿಸುತ್ತದೆ ಎಂದು. ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಒಳ್ಳೆಯ ಹೆಸರು ಸೂಚಿಸಿ ಎಂದು ಬಹುಮಾನ ಇಟ್ಟರು. ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು. ಗಾಂಧೀಜಿ ಅದನ್ನು ತಿದ್ದಿ ‘ಸತ್ಯಾಗ್ರಹ’ ಮಾಡಿದರು. ಮಾಡುವ ಕೆಲಸಕ್ಕೆ ಸರಿಯಾದ ಹೆಸರಿರಬೇಕು ಎಂದು ಅಷ್ಟು ದೊಡ್ಡ ಮನುಷ್ಯರೇ ತಲೆ ಕೆಡಿಸಿಕೊಂಡಿದ್ದರು.

ನಮ್ಮ ಸೀಮೆಗೂ ಆ ಗಾಳಿ ಬೀಸಿತು. 1938ರ ಏಪ್ರಿಲ್ ತಿಂಗಳಲ್ಲಿ ನೆರೆಯ ಮದ್ದೂರಿನ ಶಿವಪುರದಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನದಲ್ಲಿ, ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗೋಲಿಬಾರ್ ನಡೆಯಿತು. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಜೈಲು ಕಂಡವರು, ಆಮೇಲೆ 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದು ವಿಧಾನಸೌಧ ಕಟ್ಟಿಸಿದವರು. ಕನಕಪುರದ ಗಾಂಧಿ ಎಂದು ಜನ ಕರೆದ ಎಸ್. ಕರಿಯಪ್ಪನವರು ಸ್ವಾತಂತ್ರ್ಯ ಚಳವಳಿಯಲ್ಲಿದ್ದವರು, ಹಳ್ಳಿಯ ಮಕ್ಕಳು ಓದಲಿ ಎಂದು ರೂರಲ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿದವರು. ನಮ್ಮ ಶಾಲೆಯಿಂದ ಹೊರಟ ಎಷ್ಟೋ ಮಕ್ಕಳು ಮುಂದೆ ಓದಿದ್ದು ಆ ಸಂಸ್ಥೆಯ ಕಾಲೇಜಿನಲ್ಲಿ.

1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು. ಅಲ್ಲಿಂದ ‘ಹೋರಾಟಗಾರ’ ಎಂಬುದು ಜನರ ಬಾಯಿಯ ಪದವಷ್ಟೇ ಆಗಿ ಉಳಿಯಲಿಲ್ಲ, ಕಚೇರಿಯ ಕಡತದ ಪದವೂ ಆಯಿತು. ಮುಂದಿನ ವರ್ಷಗಳಲ್ಲಿ ಅದರ ಅರ್ಥ ಇನ್ನೂ ಹರಡಿತು. ದಲಿತರು ತಮ್ಮ ಸಮಿತಿಗೆ ‘ಸಂಘರ್ಷ’ ಎಂಬ ಪದವನ್ನು ಆರಿಸಿಕೊಂಡರು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಕರದ ವಿರುದ್ಧ ನಿಂತ ರೈತರ ಮೇಲೆ ಗುಂಡು ಹಾರಿತು. ಪ್ರಾಣ ಕೊಟ್ಟ ರೈತರ ನೆನಪಿಗೆ ಈಗಲೂ ಆ ದಿನವನ್ನು ಹುತಾತ್ಮ ದಿನವಾಗಿ ಆಚರಿಸುತ್ತಾರೆ. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಅವರು ಬಂದಾಗ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಬೇಡಿಕೆ ಬೀದಿ ಬೀದಿಯ ಮಾತಾಯಿತು. ಸಂಘರ್ಷ, ಚಳವಳಿ, ಸತ್ಯಾಗ್ರಹ ಯಾವ ಹೆಸರಿಟ್ಟರೂ, ಮನೆಗೆ ಬಂದು ಹೇಳುವಾಗ ಜನ ಅದಕ್ಕೆ ಹೋರಾಟ ಎಂದೇ ಹೇಳಿದರು.

ಕಾವೇರಿಯ ವಿಷಯಕ್ಕೆ ಬರೋಣ. ನಮ್ಮ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ಹೋದರೆ ಮೇಕೆದಾಟು. ಅಲ್ಲಿಂದಾಚೆಗೆ ನದಿ ತಮಿಳುನಾಡಿನ ಕಡೆಗೆ ತಿರುಗುತ್ತದೆ. 1991ರ ಜೂನ್‌ನಲ್ಲಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದು, ಆ ವರ್ಷದ ಡಿಸೆಂಬರಿನಲ್ಲಿ ಗಲಭೆಗಳಾದವು. ನೀರು ಕೇಳುವುದು ನ್ಯಾಯವೇ. ಆದರೆ ಪೆಟ್ಟು ತಿಂದವರು ಆದೇಶ ಬರೆದವರಲ್ಲ, ನಮ್ಮ ನಡುವೆಯೇ ಕೂಲಿ ಮಾಡಿಕೊಂಡಿದ್ದ ಬಡ ತಮಿಳು ಕುಟುಂಬಗಳು. 2007ರ ಫೆಬ್ರುವರಿಯಲ್ಲಿ ಅಂತಿಮ ತೀರ್ಪು, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದವು. ಆ ತೀರ್ಪಿನಲ್ಲಿ ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿತು. ಅದಕ್ಕೆ ಮುಖ್ಯ ಕಾರಣ ವರ್ಷಗಟ್ಟಲೆ ನ್ಯಾಯಾಲಯದ ಮುಂದಿಟ್ಟ ಲೆಕ್ಕ, ಕುಡಿಯುವ ನೀರಿನ ವಾದ, ಅಂತರ್ಜಲದ ಅಂಕಿಅಂಶ. 1991ರಲ್ಲಿ ಸುಟ್ಟ ಯಾವ ಬಸ್ಸಿನಿಂದಲೂ ಒಂದು ಕೊಡ ನೀರು ಬರಲಿಲ್ಲ.

ಅದೇ ನದಿಗಾಗಿ ಕೆಳಗಿನ ರೈತರು ‘ಪೋರಾಟ್ಟಂ’ ಎನ್ನುತ್ತಾರೆ, ಮೇಲಿನವರು ನಾವು ‘ಹೋರಾಟ’ ಎನ್ನುತ್ತೇವೆ. ನದಿ ಒಂದೇ, ಪದವೂ ಒಂದೇ. ಎದುರಿಗಿರುವವನೂ ನಮ್ಮ ಭಾಷೆಯ ಅಕ್ಕನ ಮಗ ಎಂಬುದನ್ನು ಈ ಪದವೇ ನೆನಪಿಸುತ್ತದೆ. ವಾದ ಮಾಡೋಣ, ಬಿಡದೆ ಮಾಡೋಣ. ಹಗೆ ಸಾಧಿಸುವುದು ಬೇಡ.

ಈಗ ಮೊದಲನೆಯ ನಗೆಗೆ ಬರುತ್ತೇನೆ, ಕೆಲಸವನ್ನು ಕಂಡು ಬರುವ ನಗೆಗೆ. ಎಲ್ಲ ಕಡೆಯೂ ಅಲ್ಲ, ಕೆಲವು ಕಡೆ ಹೋರಾಟಗಾರ ಎಂಬುದು ಈಗ ಫ್ಲೆಕ್ಸಿನ ಮೇಲಿನ ಬಿರುದಾಗಿದೆ. ಜೀಪಿನ ಮುಂದೆ ಬೋರ್ಡು, ವಿಸಿಟಿಂಗ್ ಕಾರ್ಡಿನಲ್ಲಿ ಹುದ್ದೆ. ಬೆಳಿಗ್ಗೆ ಮನವಿ ಪತ್ರ ಕೊಡುವ ಫೋಟೋ, ಮಧ್ಯಾಹ್ನಕ್ಕೆ ಮುಕ್ತಾಯ. ಜನ ನಗುವುದು ಇದನ್ನು ಕಂಡು. ಆ ನಗು ಪದದ ಮೇಲಿನ ಪ್ರೀತಿಯಿಂದ ಹುಟ್ಟಿದ ಸಿಟ್ಟು ಕೂಡ ಹೌದು. ಆದರೆ ಆ ಸಿಟ್ಟನ್ನು ‘ಓ’ ಎಂಬ ಅಕ್ಷರದ ಮೇಲೆ ತೀರಿಸಿಕೊಂಡರೆ ನಷ್ಟ ಯಾರಿಗೆ? ಬಿರುದಿನವನು ಶುದ್ಧವಾಗಿ ‘ಹೋರಾಟ’ ಎಂದು ಉಚ್ಚರಿಸಿದರೆ ಸಾಚಾ ಆಗಿಬಿಡುತ್ತಾನೆಯೆ? ಹೊಲದಿಂದ ಎದ್ದು ಬಂದು ‘ನಮ್ ಓರಾಟ’ ಎಂದ ರೈತ ಸುಳ್ಳನಾಗಿಬಿಡುತ್ತಾನೆಯೆ?

ಅಣಕದ ಹೆಸರನ್ನು ಗೆದ್ದವರೂ ಇದ್ದಾರೆ. 1906ರಲ್ಲಿ ಲಂಡನ್ನಿನಲ್ಲಿ ಮತದ ಹಕ್ಕು ಕೇಳಿ ಬೀದಿಗಿಳಿದ ಹೆಣ್ಣುಮಕ್ಕಳನ್ನು ‘ಡೈಲಿ ಮೇಲ್’ ಪತ್ರಿಕೆ ‘ಸಫ್ರಜೆಟ್’ ಎಂದು ಹೀಯಾಳಿಸಿ ಕರೆಯಿತು. ಆ ಹೆಣ್ಣುಮಕ್ಕಳು ಅದೇ ಹೆಸರನ್ನು ಹೆಮ್ಮೆಯಿಂದ ಇಟ್ಟುಕೊಂಡರು, ತಮ್ಮ ಪತ್ರಿಕೆಗೂ ಅದೇ ಹೆಸರಿಟ್ಟರು. ಈಗ ಆ ಪದ ಕೇಳಿದರೆ ಯಾರೂ ನಗುವುದಿಲ್ಲ. ಅವರು ಹೆಸರನ್ನು ತಿದ್ದಲಿಲ್ಲ, ಕೆಲಸದಿಂದ ಹೆಸರಿಗೆ ಮರ್ಯಾದೆ ತಂದರು.

ನಮ್ಮ ಊರುಗಳಲ್ಲಿ ಇಂಥ ಕೆಲಸ ಮಾಡಿದವರು ತಮ್ಮನ್ನು ಹೋರಾಟಗಾರರು ಎಂದು ಕರೆದುಕೊಂಡದ್ದು ಕಡಿಮೆ. ಊರಿಗೆ ಬಸ್ಸು ಹೇಗೆ ಬಂತು ಎಂದು ಹಿರಿಯರನ್ನು ಕೇಳಿ. ‘ಓಡಾಡಿ ಮಾಡ್ಸುದ್ರು ಕಣಪ್ಪ’ ಎನ್ನುತ್ತಾರೆ. ಕೆರೆಯ ಹೂಳು ಹೇಗೆ ತೆಗೆಸಿದರು? ಓಡಾಡಿ. ರೇಷ್ಮೆ ಗೂಡು ಮಾರಿದ ದುಡ್ಡು ಬಾಕಿ ನಿಂತಾಗ ಹೇಗೆ ವಸೂಲಿ ಮಾಡಿದರು? ಓಡಾಡಿ. ವಿಧವಾ ವೇತನ, ಪಹಣಿ ತಿದ್ದುಪಡಿ, ಬೀದಿಯ ಕಂಬಕ್ಕೆ ಬಲ್ಬು, ಎಲ್ಲಕ್ಕೂ ಓಡಾಟ. ಈ ಶಾಲೆಯೂ ತಾನಾಗಿ ಬಂದದ್ದಲ್ಲ. ಎಂಟನೇ ತರಗತಿಗೆ ಮಕ್ಕಳು ದೂರ ನಡೆಯಬೇಕಾಗಿದ್ದ ಕಾಲದಲ್ಲಿ ಊರಿನ ಹಿರಿಯರು ಅರ್ಜಿ ಹಿಡಿದು ಓಡಾಡಿದ್ದರಿಂದ ಬಂತು. ದೂರಕ್ಕೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳು ಇದರಿಂದಲೇ ಹತ್ತನೇ ತರಗತಿ ಕಂಡರು. ಆ ಹಿರಿಯರ ಹೆಸರಿನ ಮುಂದೆ ಯಾವ ಬಿರುದೂ ಇಲ್ಲ.

ನಮ್ಮ ಬಾಯಲ್ಲಿ ‘ಓರಾಟ’ಕ್ಕೂ ‘ಓಡಾಟ’ಕ್ಕೂ ಒಂದೇ ಅಕ್ಷರದ ಅಂತರ. ಪದಗಳ ಬೇರು ಬೇರೆ ಬೇರೆ, ಆದರೆ ಕೆಲಸದಲ್ಲಿ ಒಂದನ್ನೊಂದು ಬಿಟ್ಟಿರಲಾರವು. ಓಡಾಟವಿಲ್ಲದ ಓರಾಟ ಬರೀ ಕೂಗಾಟ. ಪೋರ್ ಎಂಬುದರಿಂದ ‘ಪ’ ಹೋಯಿತು, ಪದ ಬದುಕಿತು. ಈಗ ‘ಹ’ ಹೋಗುತ್ತಿದೆ, ಆಗಲೂ ಬದುಕುತ್ತದೆ. ಆದರೆ ಅದರೊಳಗಿನ ಬಿಡದ ಪಾಡು ಹೋದರೆ, ಎಷ್ಟು ಸ್ವಚ್ಛವಾಗಿ ಉಚ್ಚರಿಸಿದರೂ ಆ ಪದ ಸತ್ತಂತೆ.

ಬದುಕಿಸುವ ಕೆಲಸ ನಮ್ಮ ಮುಂದೆಯೇ ಇದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ತುಂಬಿ, ಕೆಳಗೆ ಬಂದು ಅರ್ಕಾವತಿಯನ್ನು ಸೇರುತ್ತದೆ. ಆ ನೀರಿನ ನೊರೆಯನ್ನು, ವಾಸನೆಯನ್ನು ಆ ಭಾಗದ ರೈತರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಅಲ್ಲಿ ಒಂದು ದಿನದ ಮೈಕು ಸಾಲದು. ನೀರಿನ ಮಾದರಿ ತೆಗೆಸಬೇಕು, ವರದಿ ಓದಬೇಕು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು, ಉತ್ತರ ಬರದಿದ್ದರೆ ಮೇಲ್ಮನವಿ ಬರೆಯಬೇಕು. ಅದಕ್ಕೆ ರಸಾಯನಶಾಸ್ತ್ರ ಬೇಕು, ಗಣಿತ ಬೇಕು, ತಪ್ಪಿಲ್ಲದ ಕನ್ನಡ ಬರವಣಿಗೆ ಬೇಕು. ಇವೆಲ್ಲ ಸಿಗುವುದು ಈ ಕೊಠಡಿಗಳಲ್ಲೇ.

ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ. ಮಗು ‘ಓರಾಟ’ ಎಂದು ಬರೆದರೆ ದಯವಿಟ್ಟು ಕೆಂಪು ಶಾಯಿಯಲ್ಲಿ ತಿದ್ದಿ. ‘ಓರಾಟ’ ಎಂದು ಹೇಳಿದರೆ ನಗಬೇಡಿ, ತರಗತಿ ನಗಲು ಬಿಡಬೇಡಿ. ಅದು ಎಲ್ಲಿಂದ ಬಂತು ಎಂದು ಎರಡು ನಿಮಿಷ ಹೇಳಿ, ಸಾಕು. ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಇನ್ನೊಂದು ವಿನಂತಿ. ನಗರದಲ್ಲಿ ನೆಲೆ ಕಂಡ ನಾವು ನಾಲಿಗೆ ತಿದ್ದಿಕೊಂಡಿದ್ದೇವೆ. ಊರಿಗೆ ಬಂದಾಗ ನಮ್ಮ ತಮ್ಮ ತಂಗಿಯರ ಮಾತನ್ನು ನಾವೇ ಅಣಕಿಸುವುದು ಬೇಡ.

ಮಕ್ಕಳೆ, ನಿಮ್ಮಲ್ಲಿ ಯಾರಾದರೂ ನಾಳೆ ಎದ್ದು ನಿಂತು ಕೇಳಬೇಕಾದದ್ದನ್ನು ಕೇಳಬೇಕು. ಆಗ ‘ಹ’ ಬಂತೋ ಇಲ್ಲವೋ ಎಂದು ನೋಡಿಕೊಳ್ಳುತ್ತಾ ನಿಲ್ಲಬೇಡಿ. ಕೇಳುವ ಮಾತು ನಿಜವೋ, ಅದರಿಂದ ಬಡವನಿಗೆ ಪೆಟ್ಟಾಗುವುದಿಲ್ಲವೋ, ನಾಳೆಯೂ ಬಂದು ಕೇಳುವ ತಾಳ್ಮೆ ನಿಮಗಿದೆಯೋ ಎಂದು ನೋಡಿಕೊಳ್ಳಿ. ಆಮೇಲೆ ಧೈರ್ಯವಾಗಿ ಕೇಳಿ.